ಕೈ ತೊಳೆಯುವಷ್ಟು ಹೊತ್ತು

ಕೇಳುಗರಿಗೆ ನಮಸ್ಕಾರ.

ಮಂಡ್ಯ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿ ರಾತ್ರಿ ಡ್ಯೂಟಿ ಮಾಡುತ್ತಿದ್ದ ಕಾಲ. ಬೆಳಗಿನ ಜಾವ ನಾಲ್ಕು ಗಂಟೆ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದ ಒಬ್ಬ ತಾಯಿ, ಜ್ವರದ ಸಿರಪ್ ಎಷ್ಟು ಕೊಡಬೇಕು ಅಂತ ಮೂರನೇ ಸಲ ಕೇಳಿದರು. ನಾನು ರೇಗಿಬಿಟ್ಟೆ. ಅವರು ಮಾತಾಡಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. ಅಳತೆ ಅವರಿಗೆ ಅರ್ಥವಾಗಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆ ತಾಯಿಯ ಮೇಲೆ ನನಗೇನೂ ಕೋಪವಿರಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಹೊಟ್ಟೆಗೆ ಬರೀ ಕಾಫಿ. ದವಡೆ ಬಿಗಿದಿತ್ತು, ಹೆಗಲು ಕಿವಿ ತನಕ ಏರಿತ್ತು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಡಾಕ್ಟರಿಗೇ ಮನಸ್ಸಿನ ಕಷ್ಟವಾ ಅಂತ ಕೇಳುವವರಿದ್ದಾರೆ. ಮೈಸೂರಿನಲ್ಲಿ ಮನಸ್ಸಿನ ಮಾತಾಡಲು ಸಂಕೋಚ ಬೇಡ. 1935ರಲ್ಲಿ ಇಲ್ಲಿ ಬಾನುಲಿ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರೇ ಮನಃಶಾಸ್ತ್ರದ ಮೇಷ್ಟ್ರು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ ಎಂದರೇನು ಅಂತ ವಿವರಿಸಿತು. ಅದು ಕಾಯಿಲೆಯಲ್ಲ, ಕೆಲಸದ ಒತ್ತಡ ತೀರದೇ ಉಳಿದಾಗ ಬರುವ ಸ್ಥಿತಿ. ಮೈ ಮನಸ್ಸು ಬತ್ತಿಹೋಗುತ್ತದೆ, ಕೆಲಸ ಕಂಡರೆ ಜಿಗುಪ್ಸೆ ಬರುತ್ತದೆ, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿ 1979ರಲ್ಲಿ, ಮೈ ಮನಸ್ಸನ್ನು ಗಮನಿಸುತ್ತಾ ಒತ್ತಡ ತಗ್ಗಿಸಿಕೊಳ್ಳುವ ಎಂಟು ವಾರದ ಒಂದು ತರಬೇತಿ ಶುರು ಮಾಡಿದರು. ಮೊದಲು ಅದು ರೋಗಿಗಳಿಗಾಗಿ ಇತ್ತು. ಆಮೇಲೆ ಡಾಕ್ಟರುಗಳಿಗೂ, ನರ್ಸ್‌ಗಳಿಗೂ ಬಂತು. ಅದರಲ್ಲಿ ಒಂದು ಪಾಠ ನಮಗೆ ಹೊಸದೇನಲ್ಲ. ಶವಾಸನದಲ್ಲಿ ಮಲಗಿದ ಹಾಗೆ ಮಲಗಿ, ಕಾಲಿನ ಬೆರಳಿನಿಂದ ನೆತ್ತಿಯ ತನಕ ಮೈಯನ್ನು ಒಂದೊಂದಾಗಿ ಗಮನಿಸುವುದು. ಎಲ್ಲಿ ಬಿಗಿ ಇದೆ, ಎಲ್ಲಿ ನೋವಿದೆ ಅಂತ ಸುಮ್ನೆ ನೋಡುವುದು, ಅಷ್ಟೇ.

ಆದರೆ ಓಪಿಡಿ ಮುಂದೆ ನೂರು ಜನ ನಿಂತಿರುವಾಗ ಮಲಗುವುದೆಲ್ಲಿ, ಅಲ್ವಾ? ನಾನು ಹಿಡಿದುಕೊಂಡದ್ದು ಕೈ ತೊಳೆಯುವ ಹೊತ್ತನ್ನು. ಸೋಪು ಹಾಕಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಅದು ನಾವು ಹೇಗೂ ಕೊಡಲೇಬೇಕಾದ ಹೊತ್ತು. ಮೊದಲೆಲ್ಲ ಆಗ ಮುಂದಿನ ಕೇಸಿನ ಬಗ್ಗೆ ಯೋಚಿಸುತ್ತಿದ್ದೆ. ಈಗ ನೀರಿನ ತಂಪು, ಬೆರಳ ಸಂದಿಯ ನೊರೆ, ಇವನ್ನೇ ಗಮನಿಸುತ್ತೇನೆ. ಹೆಗಲು ಇಳಿಸುತ್ತೇನೆ. ಉಸಿರನ್ನು ನಿಧಾನವಾಗಿ ಬಿಡುತ್ತೇನೆ. ಉಸಿರು ಹೊರಗೆ ಹೋಗುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದು ದೇಹದ ಲೆಕ್ಕ. ಮನಸ್ಸು ಓಡಿಹೋದರೆ ಮತ್ತೆ ನೀರಿಗೆ ಕರೆತರುತ್ತೇನೆ. ದಿನಕ್ಕೆ ಹತ್ತಾರು ಸಲ ಓಡುತ್ತದೆ, ಹತ್ತಾರು ಸಲ ಕರೆತರುತ್ತೇನೆ.

ಆಸ್ಪತ್ರೆ ನಡೆಸುವವರಿಗೆ ಒಂದು ಮಾತು. ಒಬ್ಬ ಸಿಸ್ಟರ್ ಮೂವರ ಕೆಲಸ ಮಾಡುತ್ತಿದ್ದರೆ, ಮೊದಲು ಇನ್ನಿಬ್ಬರನ್ನು ಕೊಡಿ, ಆಮೇಲೆ ಉಸಿರಾಟ ಕಲಿಸಿ. ಜನ ಸಾಲದಿದ್ದಾಗ ಧ್ಯಾನದ ಕ್ಲಾಸು ಇಟ್ಟು, ಇನ್ನೂ ಸುಸ್ತಾ ಅಂತ ಕೇಳುವುದು ಅನ್ಯಾಯ.

ಮೆಡಿಕಲ್ ಪಿಜಿ ಓದುತ್ತಿರುವ ಮಕ್ಕಳೇ, ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಉಸಿರಾಟ ಒಂದನ್ನೇ ನಂಬಿ ಕೂರಬೇಡಿ. ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಯಾರಾದರೂ ಮೂರನೇ ಸಲ ಕೇಳಿದರೆ, ಸಿರಪ್ಪಿನ ಮುಚ್ಚಳಕ್ಕೆ ಗೆರೆ ತನಕ ನೀರು ಹಾಕಿ ತೋರಿಸುತ್ತೇನೆ. "ಈಗ ನೀವು ಹಾಕಿ ತೋರಿಸಮ್ಮ" ಅಂತ ಅವರ ಕೈಗೇ ಕೊಡುತ್ತೇನೆ.

ನಮಸ್ಕಾರ.