ಪಾಠಕ್ಕೆ ಮುಂಚಿನ ಒಂದು ಗಂಟೆ

ಮಾನ್ಯ ಶಿಕ್ಷಕರೇ, ಸಹೋದ್ಯೋಗಿಗಳೇ, ವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳೇ,

ಶಿವಮೊಗ್ಗ ನಗರದ ಪ್ರೌಢಶಾಲೆಗಳಿಗೆ ವಿಶ್ವವಿದ್ಯಾಲಯದ ವಿಜ್ಞಾನ ವಿದ್ಯಾರ್ಥಿಗಳು ಹೋಗಬೇಕೆಂಬ ಮಾತಿಗೆ ಇಲ್ಲಿರುವ ಯಾರ ವಿರೋಧವೂ ಇರಲಾರದು. ಹೇಗೆ ಹೋಗಬೇಕು ಎಂಬಲ್ಲಿ ಮಾತ್ರ ನಮ್ಮ ವಿಚಾರ ಇನ್ನೂ ಹದಕ್ಕೆ ಬಂದಿಲ್ಲ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಕೆಲವರು ಬಂದು, ಒಂದೆರಡು ಪ್ರಯೋಗಗಳನ್ನು ತೋರಿಸಿ, ಮಕ್ಕಳಿಂದ ಚಪ್ಪಾಳೆ ಪಡೆದು ಹೊರಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದರಿಂದ ಕೆಡುಕೇನೂ ಆಗದು. ಆದರೆ ಮರುದಿನ ಅದೇ ತರಗತಿಯಲ್ಲಿ ನಿಂತು ಪಾಠ ಮುಂದುವರಿಸಬೇಕಾದ ಶಿಕ್ಷಕಿಗೆ ಅದರಿಂದ ಏನೂ ಉಳಿಯುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ವಿದ್ಯಾರ್ಥಿಯೂ ಶಿಕ್ಷಕರೂ ಮಕ್ಕಳ ಮುಂದೆ ಜೊತೆಯಾಗಿ ನಿಲ್ಲುವ ನಲವತ್ತು ನಿಮಿಷಗಳಿಗಿಂತ, ಅದಕ್ಕೆ ಮುಂಚೆ ಇಬ್ಬರೂ ಎದುರುಬದುರು ಕೂತು ಆ ಪಾಠವನ್ನು ಕಟ್ಟುವ ಒಂದು ಗಂಟೆ ಹೆಚ್ಚು ಬೆಲೆಯುಳ್ಳದ್ದು.

ಈ ಮಾತನ್ನು ಮಲೆನಾಡಿನವರೆಲ್ಲ ಬಲ್ಲ ಒಂದು ವಸ್ತುವಿನಿಂದ ವಿವರಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವಿದೆ. ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ ಆ ಪಾಠಕ್ಕೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಆರಿಸಿಕೊಂಡನೆನ್ನೋಣ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ 1885ರ ಸುಮಾರಿಗೆ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ದ್ರಾಕ್ಷಿಯ ರೋಗಕ್ಕೆಂದು ರೂಢಿಗೆ ತಂದ ಈ ಔಷಧಿಯನ್ನು ನಮ್ಮ ಅಡಿಕೆ ತೋಟಗಳಿಗೆ ಹೊಂದಿಸಿದ ಕೀರ್ತಿ, ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತೋಟವಿರುವ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಮೈಲುತುತ್ತದ ದ್ರಾವಣ ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುತ್ತದೆ, ಸುಣ್ಣದ ತಿಳಿನೀರು ಕೆಂಪು ಕಾಗದವನ್ನು ನೀಲಿಯಾಗಿಸುತ್ತದೆ. ಇವೆರಡನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದಾಗ ಎಲೆಯನ್ನಾಗಲಿ ಎಳೆಗಾಯಿಯನ್ನಾಗಲಿ ಸುಡದ, ಮಳೆಯಲ್ಲೂ ಅಡಿಕೆ ಗೊನೆಗೆ ಅಂಟಿಕೊಂಡು ನಿಲ್ಲುವ ತಾಮ್ರದ ಲೇಪ ಸಿದ್ಧವಾಗುತ್ತದೆ. ಮೈಲುತುತ್ತವು ಲವಣವಾಗಿದ್ದೂ ಅದರ ದ್ರಾವಣ ಏಕೆ ಆಮ್ಲೀಯವಾಗಿರುತ್ತದೆ ಎಂಬುದನ್ನು ವಿದ್ಯಾರ್ಥಿ ಚೆನ್ನಾಗಿ ಬಲ್ಲ. ಅಲ್ಲಿಗೆ ಅವನ ಸಿದ್ಧತೆ ಮುಗಿಯಿತು ಎಂದು ಅವನು ಭಾವಿಸುವುದು ಸಹಜ.

ಆದರೆ ಶಿಕ್ಷಕಿಯ ಎದುರು ಒಂದು ಗಂಟೆ ಕೂತರೆ ಅವನಿಗೆ ಗೊತ್ತಿಲ್ಲದ ಸಂಗತಿಗಳು ಒಂದೊಂದಾಗಿ ಹೊರಬರುತ್ತವೆ. ಆಮ್ಲ, ಪ್ರತ್ಯಾಮ್ಲಗಳನ್ನು ಬಣ್ಣದಿಂದ ತೋರಿಸುವ ದಾಸವಾಳ, ಅರಿಶಿನಗಳ ಸೂಚಕಗಳನ್ನು ಮಕ್ಕಳು ಕೆಳಗಿನ ತರಗತಿಯಲ್ಲೇ ಮಾಡಿ ನೋಡಿದ್ದಾರೆ, ಅದನ್ನೇ ಮತ್ತೆ ಮಾಡಿಸಿದರೆ ಹಿಂದಿನ ಬೆಂಚಿನವರು ಕಿಟಕಿಯ ಕಡೆ ತಿರುಗುತ್ತಾರೆ ಎಂದು ಅವರು ಹೇಳುತ್ತಾರೆ. ತೀರ್ಥಹಳ್ಳಿಯ ಕಡೆಯ ತೋಟಗಳಿಂದ ಬಂದ ಮಕ್ಕಳು ಯಾರು, ಬಯಲುಸೀಮೆಯಿಂದ ಕೂಲಿಗೆ ಬಂದು ನಗರದ ಹೊರವಲಯದಲ್ಲಿ ನೆಲೆಸಿದ ಮನೆಗಳ ಮಕ್ಕಳು ಯಾರು, ಅವರಲ್ಲಿ ಕೊಳೆ ರೋಗವನ್ನು ಕಣ್ಣಾರೆ ಕಂಡವರೆಷ್ಟು ಮಂದಿ ಎಂಬುದು ಶಿಕ್ಷಕಿಗೆ ಮಾತ್ರ ಗೊತ್ತು. ರೈತರು ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಗಂದು ಬಣ್ಣ ಕೂತರೆ ಸುಣ್ಣ ಸಾಲದೆಂದು ಇನ್ನಷ್ಟು ಸೇರಿಸುತ್ತಾರೆ. ಇದನ್ನು ವಿದ್ಯಾರ್ಥಿ ಹೇಳಿದ ಕೂಡಲೇ, ಮೊದಲನೆಯ ಅಧ್ಯಾಯದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿಟ್ಟು ಮಾಡಿದ, ತಾಮ್ರದ ಜಾಗವನ್ನು ಕಬ್ಬಿಣ ಹಿಡಿಯುವ ಸ್ಥಾನಪಲ್ಲಟ ಕ್ರಿಯೆ ಅದೇ ಅಲ್ಲವೇ ಎಂದು ಶಿಕ್ಷಕಿ ಕೇಳುತ್ತಾರೆ. ಎರಡು ಅಧ್ಯಾಯಗಳು ಒಂದು ಚಾಕುವಿನ ಅಲಗಿನ ಮೇಲೆ ಕೂಡುತ್ತವೆ ಎಂಬುದು ಇಬ್ಬರಲ್ಲಿ ಒಬ್ಬರಿಗೇ ಹೊಳೆಯುವಂಥದ್ದಲ್ಲ, ಮಾತಿನ ನಡುವೆ ಹುಟ್ಟುವಂಥದ್ದು.

ಇಷ್ಟಾದ ಮೇಲೆ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು, ಸುಣ್ಣ ಹೆಚ್ಚಾದರೆ ಚಾಕು ಅದನ್ನು ತೋರಿಸುತ್ತದೆಯೇ ಎಂದು ಕೇಳಿದರೆ ವಿದ್ಯಾರ್ಥಿ ಏನು ಮಾಡಬೇಕು? ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ, ಹೇಳಿಬಿಡುವ ಆಸೆಯೂ ಇರುತ್ತದೆ. ಹೇಳದೆ, ಸುಣ್ಣ ಹೆಚ್ಚಿರುವ ಒಂದು ಲೋಟ ದ್ರಾವಣವನ್ನು ಅವಳ ಮುಂದಿಡುವುದು ಮೇಲು. ಚಾಕು ಬಣ್ಣ ಬದಲಿಸುವುದಿಲ್ಲ, ಲಿಟ್ಮಸ್ ಬದಲಿಸುತ್ತದೆ. ಒಂದು ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ತಿಳಿವು ಆ ವಯಸ್ಸಿನಲ್ಲಿ ಕೈಯಿಂದಲೇ ಬರಬೇಕು. ಮೈಲುತುತ್ತ ವಿಷಕಾರಿಯಾದ್ದರಿಂದ ಅದನ್ನು ತೂಗುವ ಕೆಲಸ ದೊಡ್ಡವರದ್ದೇ ಆಗಿರಬೇಕು, ಪ್ರಯೋಗ ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು ಎಂಬುದನ್ನೂ ಆ ಮುಂಚಿನ ಗಂಟೆಯಲ್ಲೇ ನಿಶ್ಚಯಿಸಿಕೊಂಡಿರಬೇಕು.

ಇಂಥ ಜೊತೆಗಾರಿಕೆ ಬೇರೆಡೆ ಹೇಗೆ ನಡೆಯಿತೆಂದು ನೋಡುವುದು ಉಪಯುಕ್ತ. ನಮ್ಮ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ 1987ರಲ್ಲೇ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರಜ್ಞ ಬ್ರೂಸ್ ಆಲ್ಬರ್ಟ್ಸ್ ಅವರು ಆ ನಗರದ ಸರ್ಕಾರಿ ಶಾಲೆಗಳೊಂದಿಗೆ ವಿಜ್ಞಾನ ಪಾಲುದಾರಿಕೆಯೊಂದನ್ನು ಆರಂಭಿಸಿದರು. ಅದರಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಶಿಕ್ಷಕರೊಂದಿಗೆ ತಂಡವಾಗಿ ಪಾಠಗಳನ್ನು ಯೋಜಿಸಿ ನಡೆಸುತ್ತ ಬಂದರು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಆರಂಭಿಸಿದ ಜಿಕೆ–12 ಯೋಜನೆಯಂತೂ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಟ್ಟು, ಅವರು ಶಾಲೆಯ ಶಿಕ್ಷಕರೊಬ್ಬರ ಜೊತೆ ತರಗತಿಯಲ್ಲಿ ನಿಯಮಿತವಾಗಿ ಕೆಲಸ ಮಾಡುವ ಏರ್ಪಾಡು ಮಾಡಿತು. ಮಕ್ಕಳ ಕಲಿಕೆಯ ಜೊತೆಗೆ, ತನ್ನ ಸಂಶೋಧನೆಯನ್ನು ಇತರರಿಗೆ ತಿಳಿಯುವಂತೆ ಹೇಳುವ ಸಾಮರ್ಥ್ಯ ಆ ವಿದ್ಯಾರ್ಥಿಯಲ್ಲಿ ಬೆಳೆಯಬೇಕೆಂಬುದನ್ನು ಆ ಯೋಜನೆ ತನ್ನ ಗುರಿಯಾಗಿಯೇ ಬರೆದುಕೊಂಡಿತ್ತು. ಈ ಅಂಶ ನನಗೆ ಬಹಳ ಮೆಚ್ಚುಗೆಯಾದದ್ದು. ನಾವು ಇದನ್ನು ಸೇವೆ ಎಂದು ಕರೆದು ವಿದ್ಯಾರ್ಥಿಯನ್ನು ದಾನಿಯ ಸ್ಥಾನದಲ್ಲಿ ಕೂರಿಸುತ್ತೇವೆ. ಅವನೂ ಕಲಿಯಲು ಹೋಗುತ್ತಿದ್ದಾನೆ ಎಂದು ಒಪ್ಪಿಕೊಂಡರೆ ಶಿಕ್ಷಕರೊಡನೆ ಅವನ ನಡೆನುಡಿಯೇ ಬೇರೆಯಾಗುತ್ತದೆ.

ನಮ್ಮ ದೇಶದ ಅನುಭವ ಇವೆಲ್ಲಕ್ಕಿಂತ ಹಳೆಯದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಆರಂಭಿಸಿದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ದೆಹಲಿ ವಿಶ್ವವಿದ್ಯಾಲಯಗಳವರು ಹಳ್ಳಿಯ ಶಿಕ್ಷಕರೊಂದಿಗೆ ಕೂತು ಪ್ರಯೋಗಗಳನ್ನು ರೂಪಿಸಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು, 2002ರಲ್ಲಿ ರಾಜ್ಯ ಸರ್ಕಾರದ ತೀರ್ಮಾನದಿಂದ ನಿಂತಿತು. ಅವು ಹಳ್ಳಿಯ ಶಾಲೆಗಳು, ನಮ್ಮವು ನಗರದವು, ನಿಜ. ಆದರೂ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಪಾಠದಲ್ಲಿ ಎದುರಾದ ತೊಡಕುಗಳನ್ನು ಚರ್ಚಿಸುತ್ತಿದ್ದ ಅಲ್ಲಿನ ಮಾಸಿಕ ಸಭೆಯ ಕ್ರಮವನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು.

ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ನಮ್ಮ ಜಿಲ್ಲೆಯಲ್ಲಿ ವಿಷಯಕ್ಕೆ ಬರವಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು, ಅದನ್ನು ಹರಡುವ ಉಣುಗು, ಸಾಯುವ ಮಂಗಗಳು, ಸೌದೆ–ತರಗೆಲೆಗೆಂದು ಕಾಡಿಗೆ ಹೋಗುವ ಮನುಷ್ಯರು, ಇಷ್ಟೂ ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಸೇರುತ್ತವೆ. ಆದರೆ ಇಲ್ಲಿ ಶಿಕ್ಷಕರ ವಿವೇಕ ಇನ್ನೂ ಹೆಚ್ಚು ಬೇಕು. ಸಾಗರದ ಕಡೆ ನೆಂಟರನ್ನು ಈ ಕಾಯಿಲೆಯಿಂದ ಕಳೆದುಕೊಂಡ ಮಗುವೊಂದು ಅದೇ ತರಗತಿಯಲ್ಲಿ ಕೂತಿರಬಹುದು. ಹೊರಗಿನಿಂದ ಬಂದವನಿಗೆ ಅದು ತಿಳಿಯುವ ದಾರಿ ಶಿಕ್ಷಕರ ಮೂಲಕವೇ.

ಇನ್ನು ನಡೆಸುವ ಬಗೆ. ಶಂಕರಘಟ್ಟದಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣ ನಗರದಿಂದ ದೂರವಿರುವುದರಿಂದ, ನಗರದಲ್ಲೇ ಇರುವ ಸಹ್ಯಾದ್ರಿ ವಿಜ್ಞಾನ ಕಾಲೇಜಿನ ವಿದ್ಯಾರ್ಥಿಗಳಿಂದ ಆರಂಭಿಸುವುದು ಸುಲಭ. ಒಬ್ಬ ವಿದ್ಯಾರ್ಥಿ, ಒಬ್ಬ ಶಿಕ್ಷಕ, ಒಂದೇ ತರಗತಿ, ಇಡೀ ಶೈಕ್ಷಣಿಕ ವರ್ಷ. ವಾರಕ್ಕೊಂದು ಶಾಲೆ ಬದಲಿಸುವ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಮಕ್ಕಳ ಹೆಸರು ಗೊತ್ತಿಲ್ಲದವನಿಗೆ ಅವರ ಪ್ರಶ್ನೆಗಳೂ ಗೊತ್ತಾಗುವುದಿಲ್ಲ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ ಇರುವುದರಿಂದ, ಮಕ್ಕಳು ಹೋದ ಮೇಲೆ ಮುಂದಿನ ವಾರದ ಪಾಠಕ್ಕೆ ಕೂರಲು ಸಮಯ ಸಿಗುತ್ತದೆ. ಆದರೆ ಶಿಕ್ಷಕರ ಆ ಸಮಯವನ್ನು ಉಪಕಾರವೆಂದು ಪಡೆಯಬಾರದು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಅದನ್ನು ಕರ್ತವ್ಯದ ಅವಧಿಯೆಂದು ಲಿಖಿತವಾಗಿ ಪರಿಗಣಿಸಬೇಕು. ವಿದ್ಯಾರ್ಥಿಯ ಕಡೆಯಿಂದ ಇದು ಅಂಕಪಟ್ಟಿಯಲ್ಲಿ ಕಾಣುವ ಕ್ರೆಡಿಟ್ ಆಗಬೇಕು, ಮತ್ತು ಅದರ ಮೌಲ್ಯಮಾಪನದಲ್ಲಿ ಅರ್ಧ ಭಾಗವಾದರೂ ಶಾಲೆಯ ಶಿಕ್ಷಕರ ಕೈಯಲ್ಲಿರಬೇಕು. ಬಸ್ ಚಾರ್ಜು, ಲಿಟ್ಮಸ್ ಕಾಗದ, ಮೈಲುತುತ್ತ, ಗಾಜಿನ ಲೋಟಗಳ ಖರ್ಚು ಯಾರ ಜೇಬಿನಿಂದಲೂ ಹೋಗದಂತೆ ವಿಭಾಗವೇ ಭರಿಸಬೇಕು.

ಜೂನ್‌ನಲ್ಲಿ ತರಗತಿಗಳು ಬಿಗಿಗೊಳ್ಳುವ ಮುನ್ನ ಶಿಕ್ಷಕರೂ ವಿದ್ಯಾರ್ಥಿಗಳೂ ಒಮ್ಮೆ ಸೇರಿ, ವರ್ಷದ ಯಾವ ಯಾವ ಪಾಠಗಳಿಗೆ ಜೊತೆಗಾರ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕಾಗಿದೆ. ಆ ಪಟ್ಟಿಯನ್ನು ಶಿಕ್ಷಕರೇ ಮೊದಲು ಬರೆಯಲಿ. ನಮ್ಮ ವಿಭಾಗಗಳವರು ಅದನ್ನು ನೋಡಿದ ಮೇಲೆ ತಮ್ಮಲ್ಲಿ ಯಾರು ಯಾವ ಶಾಲೆಗೆ ಹೊಂದುತ್ತಾರೆಂದು ಹೇಳಲಿ.