ಅರ್ಧವಾದ ತಾವರೆ

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಿರಸಿಯ ಒಂದು ಮರಗೆಲಸದ ಶೆಡ್ಡಿನಿಂದ ಫೋನ್ ಬಂತು. "ಒಮ್ಮೆ ಬನ್ನಿ ಮಾರಾಯ್ರೇ, ತಾವರೆ ಚಪ್ಪಟೆ ಆಗ್ತಾ ಇದೆ" ಅಂದರು. ಹೋಗಿ ನೋಡಿದೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮಷಿನ್, ಸಾಗವಾನಿ ಹಲಗೆಯ ಮೇಲೆ ಹೂ ಕೆತ್ತಿತ್ತು. ಅಗಲ ಸರಿ ಇದೆ. ಉದ್ದ ಮಾತ್ರ 100 ಮಿಲಿಮೀಟರ್ ಇರಬೇಕಾದಲ್ಲಿ 50. ಮರ ಕೆತ್ತುವ ಗುಡಿಗಾರರ ಊರಿನಲ್ಲಿ ಇಂಥ ಹೂ ಯಾರಿಗೆ ಬೇಕು?

ಸ್ಕ್ರೂ ಸವೆದರೆ, ಬೆಲ್ಟ್ ಸಡಿಲವಾದರೆ ಅಳತೆ ಅಷ್ಟಿಷ್ಟು ತಪ್ಪುತ್ತದೆ. ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುವುದಿಲ್ಲ. "ಬೋರ್ಡ್ ಏನಾದರೂ ಬದಲಿಸಿದ್ರಾ?" ಅಂತ ಕೇಳಿದೆ. ಉದ್ದದ ಕಡೆಯ ಮೋಟಾರಿನ ಮಲ್ಟಿಪ್ಲೈಯರ್ ಬೋರ್ಡ್ ಸಿಡಿಲಿಗೆ ಸುಟ್ಟು, ಹೊಸದು ಹಾಕಿದ್ದರಂತೆ.

ಮೋಟಾರಿನ ಹಿಂದೆ ಕೂತು ಅದು ಎಷ್ಟು ತಿರುಗಿತು ಅಂತ ಹೇಳುವುದು ಎನ್‌ಕೋಡರ್. ಅದರಿಂದ ಸೈನ್, ಕೊಸೈನ್ ಅಂತ ಎರಡು ಅಲೆ ಬರುತ್ತವೆ, ನಡುವೆ 90 ಡಿಗ್ರಿ ಅಂತರ. ಯಾವುದು ಮುಂದಿದೆ ಅನ್ನೋದರಿಂದ ತಿರುಗುವ ದಿಕ್ಕು ಗೊತ್ತಾಗುತ್ತದೆ. ಮಲ್ಟಿಪ್ಲೈಯರ್ ಬೋರ್ಡ್ ಒಂದೊಂದು ಅಲೆಯನ್ನೂ ಸಣ್ಣ ಪಾಲು ಮಾಡಿ ಜಾಸ್ತಿ ಪಲ್ಸ್, ಅಂದರೆ ಎಣಿಸಬಹುದಾದ ವಿದ್ಯುತ್ ಮಿಡಿತ, ಕೊಡುತ್ತದೆ. ಎಷ್ಟು ಪಟ್ಟು ಅಂತ ಹೇಳುವುದೇ ಜಂಪರ್. ಅಕ್ಕಿಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಟೋಪಿ, ಒಳಗೆ ಲೋಹದ ಪಟ್ಟಿ, ಎರಡು ಪಿನ್ ಸೇರಿಸುತ್ತದೆ.

ಹಳೆಯ ಬೋರ್ಡಿನಲ್ಲಿ ಅದು 5 ಪಟ್ಟಿನಲ್ಲಿತ್ತು, ಹೊಸದರಲ್ಲಿ 10. ಪಲ್ಸ್ ಎಣಿಸಿ ಮೋಟಾರ್ ನಡೆಸುವ ಕಂಟ್ರೋಲರ್‌ಗೆ ಅರ್ಧ ದಾರಿಗೇ ಪೂರ್ತಿ ಎಣಿಕೆ ಬಂತು, ಮಷಿನ್ ಅಲ್ಲೇ ನಿಂತಿತು.

"10 ಇದ್ದರೆ ಕೆಲಸ ಇನ್ನೂ ನಾಜೂಕು ಅಲ್ವಾ? ಕಂಟ್ರೋಲರ್‌ನಲ್ಲೇ ಲೆಕ್ಕ ಬದಲಿಸಿ" ಅಂದರು ಮಾಲೀಕರು. ಒಳ್ಳೆಯ ಪ್ರಶ್ನೆ. ಕೂತು ಲೆಕ್ಕ ಮಾಡಿದೆವು. ಎನ್‌ಕೋಡರ್ ಒಂದು ಸುತ್ತಿಗೆ 500 ಅಲೆ ಕೊಡುತ್ತದೆ, 10 ಪಟ್ಟು ಅಂದರೆ 5,000 ಪಲ್ಸ್. ಮೋಟಾರ್ ನಿಮಿಷಕ್ಕೆ 1,200 ಸುತ್ತು ಓಡಿದರೆ ಸೆಕೆಂಡಿಗೆ 20 ಸುತ್ತು. ಅಲ್ಲಿಗೆ ಸೆಕೆಂಡಿಗೆ 1,00,000 ಪಲ್ಸ್. ಅವರ ಕಂಟ್ರೋಲರ್ ಎಣಿಸುವುದು 60,000 ಮಾತ್ರ. ನಿಧಾನ ಓಡಿದಾಗ ಎಲ್ಲ ಚೆನ್ನಾಗಿರುತ್ತದೆ, ಜೋರು ಓಡಿದ ಕೂಡಲೇ ಎಣಿಕೆ ತಪ್ಪುತ್ತದೆ. ಇಂಥ ತಪ್ಪು ಹುಡುಕುವುದು ಬಹಳ ಕಷ್ಟ. 5 ಪಟ್ಟಿಗೆ 50,000, ಅದೇ ಸರಿ.

ಕರೆಂಟ್ ಪೂರ್ತಿ ತೆಗೆದು, ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಆಮೇಲೆ ಜಂಪರ್ ಎತ್ತಿದೆ. ಯಾವ ಪಿನ್ನಿಗೆ ಎಷ್ಟು ಪಟ್ಟು ಅನ್ನೋದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಅದರ ಕೈಪಿಡಿ ನೋಡದೆ ಸುಮ್ನೆ ಅಂದಾಜಿನಲ್ಲಿ ಹಾಕಬೇಡಿ.

ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ಮಾತು. ಉಪ್ಪು ಗಾಳಿಗೆ ಆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಜಂಪರ್ ಜಾಗದಲ್ಲೇ ಇರುತ್ತದೆ, ಸಂಪರ್ಕ ಇರುವುದಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ ಸ್ವಚ್ಛ ಮಾಡಿ, ಟೋಪಿ ಸಡಿಲವಿದ್ದರೆ ಹೊಸದು ಹಾಕಿ.

ಶಿರಸಿಯ ಆ ಪ್ಯಾನಲ್ ಬಾಗಿಲಿನ ಒಳಗೆ ಈಗ ಪೆನ್ಸಿಲಿನಲ್ಲಿ ಬರೆದಿದೆ: "ಜಂಪರ್ 5 ಪಟ್ಟು. ಬೋರ್ಡ್ ಬದಲಿಸಿದರೆ ಮೊದಲು ಇದನ್ನು ನೋಡಿ."