ಅಗತ್ತಿಯಲ್ಲಿ ಆಮೆ ಸಿಕ್ತು, ಮೀಸೆ ಹೋಯ್ತು

ಇದು ಅಗತ್ತಿ, ಲಕ್ಷದ್ವೀಪ. ಕೊಚ್ಚಿ ಫ್ಲೈಟು, ದ್ವೀಪಕ್ಕೆ ಬರೋ ಪರ್ಮಿಟ್ಟಿನ ಗೋಳು ಎಲ್ಲ ಹಿಂದಿನ ವಿಡಿಯೋದಲ್ಲಿ ತೋಡ್ಕೊಂಡಾಗಿದೆ, ಮತ್ತೆ ಬೇಡ. ನೀರಿಗೆ ಫಿಲ್ಟರ್ ಹಾಕಿಲ್ಲ ಕಣ್ರೀ, ಬಣ್ಣ ಇರೋದೇ ಹಿಂಗೆ. ಆ ಕಿತ್ತಳೆ ಜಾಕೆಟ್ಟು ನನ್ನ ಭಾಮೈದ. ಈಜು ಬರಲ್ಲ. ಸಲಹೆ ಕೊಡೋಕೆ ಈಜು ಯಾಕೆ ಬೇಕು?

ಹಾಂ, ಇಳಿದೆ. ಹತ್ತೇ ಸೆಕೆಂಡು, ಎದ್ದೆ. ನೀರೊಳಗೆ ನೋಡೋಕೆ ಕಣ್ಣು, ಮೂಗಿಗೆ ಹಾಕ್ಕೋತೀವಲ್ಲ, ಆ ಮಾಸ್ಕ್ ಒಳಗೆ ನೀರು. ಬಿಗಿ ಮಾಡ್ದೆ, ಮುಳುಗಿದೆ, ಮತ್ತೆ ನೀರು. ಬಾಡಿಗೆ 300 ರೂಪಾಯಿ ಕೊಟ್ಟಿದೀನಿ, ತೂತಿರೋದು ಕೊಟ್ಟಿದಾರೆ ಅಂತ ದೋಣಿಯವರ ಮೇಲೆ ರೇಗಿದೆ. ಅವರು ಬೇರೆ ಮಾಸ್ಕ್ ಕೊಟ್ರು. ಅದರಲ್ಲೂ ನೀರು. ಮೂರನೇದು, ಅದೂ ಅಷ್ಟೇ. ಇಲ್ಲಿ ಅವರು ಕೈ ತೋರಿಸಿ 'ಮೀಶ, ಮೀಶ' ಅಂತಿದಾರೆ ನೋಡಿ. ಕಿವೀಲಿ ನೀರು ತುಂಬಿತ್ತು, ನಾನು ಮೀನು ಅಂದ್ಕೊಂಡು ಸುತ್ತಮುತ್ತ ಹುಡುಕ್ತಾ ಇದೀನಿ! ಭಾಮೈದ ಮೇಲಿಂದ ಕೂಗ್ದ, 'ಭಾವಾ, ಮೀನಲ್ಲ, ನಿಮ್ಮ ಮೀಸೆ!'

ವಿಷಯ ಏನಂದ್ರೆ, ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಬೇಕು. ಮಧ್ಯೆ ಕೂದಲಿದ್ರೆ ಸಂದೀಲಿ ನೀರು ಬರುತ್ತೆ. ಮೂಗಿನ ಕೆಳಗೆ ಒಂದು ಗೆರೆ ಬೋಳಿಸಿದ್ರೆ ಸಾಕಂತೆ. ಹದಿನೆಂಟು ವರ್ಷದ ಮೀಸೆ ಸ್ವಾಮಿ. ಮದುವೆ ಫೋಟೋದಲ್ಲಿರೋ ಮೀಸೆ. ಆಗಲ್ಲ ಅಂದೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಂಗೆ ಉಪ್ಪುನೀರು ಕುಡೀತಾ ಮುಂದುವರಿದೆ. ವ್ಯಾಸಲೀನ್ ಬಳ್ಕೊಂಡೆ. ಸ್ವಲ್ಪ ಪರವಾಗಿಲ್ಲ. ಇಲ್ಲ, ಸುಳ್ಳು, ಏನೂ ಆಗಲಿಲ್ಲ.

ಕೆಳಗೆ ಹುಲ್ಲು ಕಾಣ್ತಿದೆಯಾ? ಪಾಚಿ ಅಲ್ಲ ಅದು, ಬೇರು, ಹೂವು ಎಲ್ಲ ಇರೋ ನಿಜವಾದ ಗಿಡ. ಯಾರೋ ಮಿಷನ್ ಓಡಿಸಿದ ಹಾಗೆ ಮೋಟಾಗಿದೆ ನೋಡಿ. ಬಲಗಡೆ ಬಂಡೆ ಥರ ಇದೆಯಲ್ಲ, ಬಂಡೆ ಅಲ್ಲ, ಹಸಿರು ಕಡಲಾಮೆ. ತಲೆ ಎತ್ತೋದಿಲ್ಲ, ನಮ್ಮನ್ನ ಕ್ಯಾರೇ ಅನ್ನಲ್ಲ, ಮೇಯ್ತಾನೇ ಇದೆ. ಊರಿನ ಕೆರೆ ಆಮೆ ಆಗಿದ್ರೆ ತಲೆ ಒಳಗೆಳ್ಕೊಂಡಿರೋದು. ಕಡಲಾಮೆಗೆ ಅದು ಸಾಧ್ಯವೇ ಇಲ್ಲ. ಮುಟ್ಟೋ ಹಾಗಿಲ್ಲ ಬಿಡಿ, ಕಾನೂನಲ್ಲಿ ಹುಲಿ ಇರೋ ಪಟ್ಟೀಲೇ ಇದೂ ಇದೆ.

ನಾನು ಮುದ್ದಾಗಿದೆ ಮುದ್ದಾಗಿದೆ ಅಂತಿದ್ರೆ ದೋಣಿಯವರಿಗೆ ಸಿಟ್ಟು. ಈ ಹುಲ್ಲಲ್ಲೇ ಮರಿ ಮೀನು ಬೆಳೆಯೋದು, ಆಮೆ ಎಲ್ಲ ತಿಂದು ಹಾಕ್ತು, ಬಲೆಗೆ ಏನೂ ಬೀಳಲ್ಲ ಅಂತಾರೆ. ಹಿಂದೆಲ್ಲ ಆಮೆ ಎಣ್ಣೇನ ದೋಣಿ ಮರಕ್ಕೆ ಹಚ್ತಿದ್ರಂತೆ. 1972ರ ವನ್ಯಜೀವಿ ಕಾಯ್ದೆ ಬಂತು, ಅದು ನಿಲ್ತು. ಅವರ ಮಾತು ಸರಿ ಅನ್ನಿಸ್ತು. ಐದು ನಿಮಿಷ ಆದ್ಮೇಲೆ ಇನ್ನೊಂದು ಆಮೆ ಬಂತು, ಆಮೇನೇ ಸರಿ ಅನ್ನಿಸ್ತು. ಅಂದ ಹಾಗೆ ಪಕ್ಕದ ಅಮಿನಿ, ಕಡಮತ್ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೇಲೇ ಇದ್ದಿದ್ದು ಗೊತ್ತಾ? ಮಂಗಳೂರು ಕಲೆಕ್ಟರೇ ನೋಡ್ಕೋತಿದ್ರು. ಹಂಗೇ ಇದ್ದಿದ್ರೆ ಪರ್ಮಿಟ್ಟು... ಅಯ್ಯೋ, ಕ್ಲಿಪ್ ಮುಗೀತಾ ಬಂತು.

ಈಗ ಬರೀ ನೀಲಿ ಕಾಣ್ತಿದೆ, ಅಲ್ವಾ? ಕ್ಷಮಿಸಿ. ಮಾಸ್ಕಿನ ನೀರು ಚೆಲ್ಲೋಕೆ ಎದ್ದಿದ್ದೆ, ಕ್ಯಾಮೆರಾ ಕೆಳಗೆ ನೇತಾಡ್ತಾ ಇತ್ತು. ಅದೇ ಹೊತ್ತಿಗೆ ಮೊಳ ದೂರದಲ್ಲಿ ಒಂದು ತಲೆ ಮೇಲೆ ಬಂತು. ಪುಸ್ಸ್ ಅಂತ ಉಸಿರು ಬಿಡ್ತು, ಕುಕ್ಕರ್ ಸೀಟಿ ಕೂಗೋ ಮುಂಚೆ ಬರುತ್ತಲ್ಲ, ಆ ಸದ್ದು. ಕಣ್ಣಂಚಲ್ಲಿ ಸುಕ್ಕು, ಮೂಗಿನ ತೂತಲ್ಲಿ ಒಂದು ಹನಿ. ಇನ್ನೊಂದು ಉಸಿರು ಎಳ್ಕೊಂಡು ಇಳೀತು. ಮಾಸ್ಕ್ ಸರಿ ಇದ್ದಿದ್ರೆ ನಾನು ತಲೆ ತಗ್ಗಿಸಿಕೊಂಡೇ ಇರ್ತಿದ್ದೆ. ವಿಡಿಯೋದಲ್ಲಿ ಅದಿಲ್ಲ.

ಇದು ಮಾರನೇ ದಿನ. ಹೌದು, ಬೋಳಿಸಿದೆ. ಗೆರೆ ಅಂತ ಶುರು ಮಾಡಿ, ಎರಡೂ ಕಡೆ ಸಮ ಮಾಡೋಕೆ ಹೋಗಿ ಪೂರ್ತಿ ಹೋಯ್ತು. ಮಾಸ್ಕಿಗೆ ಒಂದು ಹನಿ ನೀರಿಲ್ಲ. ಆಮೆ? ಒಂದೂ ಇಲ್ಲ. ಮನೆಗೆ ವಿಡಿಯೋ ಕಾಲ್ ಮಾಡಿದ್ರೆ ಮಗಳು, 'ಅಮ್ಮಾ, ಯಾರೋ ಅಂಕಲ್' ಅಂದ್ಲು.